ಕಣ್ಣು ತೆರೆದು ಕೇಳಿದ ದುವಾ

ಗಂಗಾವತಿಯಲ್ಲಿ ನಮ್ಮ ಮಹಿಳಾ ಸಂಘದ ಜವಾಬ್ದಾರಿ ನನ್ನ ಪಾಲಿಗೆ ಬಂದದ್ದು ನಾನು ಚೆನ್ನಾಗಿ ಮಾತಾಡುತ್ತೇನೆ ಎಂಬ ಒಂದೇ ಕಾರಣಕ್ಕೆ. ನನಗಿಂತ ಮೊದಲು ಅದನ್ನು ನಡೆಸುತ್ತಿದ್ದವರನ್ನು ನಾವೆಲ್ಲ ಬಡೀ ಆಪಾ, ದೊಡ್ಡಕ್ಕ, ಎಂದು ಕರೆಯುತ್ತಿದ್ದೆವು. ವಯಸ್ಸಾಗಿ ಓಡಾಟ ಕಷ್ಟವಾದಾಗ ಅವರು ಎರಡು ಜಮಖಾನೆ, ಒಂದು ದೊಡ್ಡ ಚಹಾದ ಕೆಟಲು, ಕರಕರ ಎನ್ನುವ ಒಂದು ಮೈಕು, ಇಷ್ಟನ್ನೂ ಆಟೋದಲ್ಲಿ ಹೇರಿಕೊಂಡು ನಮ್ಮ ಮನೆಗೆ ಬಂದರು.

"ನಿನಗ ಮಾತು ಬರ್ತಾವ. ಹೆಣ್ಮಕ್ಕಳು ಮಾತು ಕೇಳಾಕ ಬರ್ತಾರ. ಇನ್ನ ಮ್ಯಾಲ ನೀನ ನೋಡ್ಕೊ," ಎಂದರು.

ಅಂದಿನಿಂದ ಶನಿವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಸೇರುತ್ತಾರೆ. ನಾನು ಒಂದು ಪಾಠ ಹೇಳುತ್ತೇನೆ. ಆಮೇಲೆ ಮನೆಯ ಸುದ್ದಿ, ಸಂಜೆಯ ನಮಾಜು, ಕೈ ಎತ್ತಿ ದೇವರಲ್ಲಿ ಬೇಡುವ ದುವಾ, ಕೊನೆಗೆ ಚಹಾ. ಉಳಿದ ದಿನಗಳಲ್ಲಿ ಯಾರನ್ನೋ ಆಸ್ಪತ್ರೆಗೆ ಕರೆದೊಯ್ಯುವುದು, ಗಂಡ ಹೆಂಡಿರ ಜಗಳ ಬಿಡಿಸುವುದು, ಹತ್ತನೇ ಇಯತ್ತೆಯ ಹುಡುಗಿಯರಿಗೆ ಗಣಿತ ಹೇಳಿಕೊಡುವವರನ್ನು ಹುಡುಕುವುದು ಇದ್ದೇ ಇರುತ್ತದೆ. ಆಗಾಗ ಕೊಪ್ಪಳದಲ್ಲಿ ಜಿಲ್ಲೆಯ ಸಭೆ. ಅಲ್ಲಿಗೆ ಕುಷ್ಟಗಿ, ಯಲಬುರ್ಗಾದ ಸಂಘದವರೂ ಬರುತ್ತಾರೆ. ಎಲ್ಲವೂ ನಡೆಯುವುದು ಮಾತಿನ ಮೇಲೆಯೇ. ಉರ್ದುವಿನಲ್ಲಿ ಶುರುವಾದ ಮಾತು ಕನ್ನಡಕ್ಕೆ ಹೊರಳಿ ಮತ್ತೆ ಉರ್ದುವಿಗೆ ಬಂದು ನಿಲ್ಲುತ್ತದೆ.

ಅಂಥ ಒಂದು ಶನಿವಾರ ಹಿಂದಿನ ಓಣಿಯ ಚಾಚಿ ತಮ್ಮ ಹೊಸ ಸೊಸೆಯನ್ನು ಕರೆದುಕೊಂಡು ಬಂದರು. ಹುಡುಗಿ ಹನುಮಸಾಗರದಲ್ಲಿ ಗಾದಿ ಹೊಲಿಯುವವರ ಮನೆಯವಳು. ಚಾಚಿ ಹೊಸ್ತಿಲಲ್ಲೇ ನಿಂತು, ತಪ್ಪು ಮಾಡಿದವರ ಹಾಗೆ ದನಿ ತಗ್ಗಿಸಿ ಹೇಳಿದರು:

"ಆಪಾ, ನನ್ನ ಸೊಸಿ ರೀ. ಇಕಿಗೆ ಕಿವಿ ಕೇಳಂಗಿಲ್ಲ, ಮಾತೂ ಬರಂಗಿಲ್ಲ. ಹುಟ್ಟಿದಾಗಿಂದ ಹಂಗ ಅದಾಳ. ಮನ್ಯಾಗ ಒಬ್ಬಾಕಿನ್ನ ಬಿಟ್ಟು ಬರಾಕ ಮನಸಾಗಲಿಲ್ಲ. ಒಂದು ಮೂಲ್ಯಾಗ ಕುಂತಿರ್ತಾಳ, ಯಾರಿಗೂ ತ್ರಾಸ ಕೊಡಂಗಿಲ್ಲ."

"ಒಳಗ ಬರ್ರಿ ಚಾಚಿ. ತ್ರಾಸ ಯಾತರದು?" ಎಂದೆ.

ಹುಡುಗಿ ಕಿಟಕಿಯ ಪಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತಳು. ಅಲ್ಲಿಂದ ಇಡೀ ಪಡಸಾಲೆ ಕಾಣುತ್ತದೆ. ನಾನು ಪಾಠ ಹೇಳುವಾಗ ಅವಳು ನನ್ನನ್ನು ನೋಡಿದ್ದು ಕಡಿಮೆ. ಕೇಳುತ್ತ ಕೂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ನಮಾಜಿಗೆ ನಿಂತಾಗ ಎಲ್ಲರಂತೆ ಬಾಗಿದಳು, ಹಣೆ ನೆಲಕ್ಕೆ ಹಚ್ಚಿದಳು. ತುಟಿಗಳು ಅಲುಗುತ್ತಿದ್ದವು. ಒಂದು ಶಬ್ದವನ್ನೂ ಕೇಳದವಳ ತುಟಿಯ ಮೇಲೆ ಇರುವುದೇನು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ.

"ಚಾಚಿ, ನಾವು ಯಾರ ಮುಂದ ನಿಂದರ್ತೀವಿ ಅಂತ ಅಕಿಗೆ ಗೊತ್ತೈತೇನ್ರಿ?"

ಚಾಚಿ ಸೊಸೆಯ ಭುಜ ತಟ್ಟಿ, ನಮಾಜಿಗೆ ಹಾಸುವ ಜಾನಿಮಾಜು ತೋರಿಸಿ, ಕೈಯಲ್ಲೇ ಏನೋ ಕೇಳಿದರು. ಹುಡುಗಿ ತೋರುಬೆರಳನ್ನು ನೆಟ್ಟಗೆ ಎತ್ತಿದಳು. ಆಮೇಲೆ ಅದನ್ನು ತನ್ನ ಕಣ್ಣಿನ ಹತ್ತಿರ ತಂದು, ಅಲ್ಲಿಂದ ನಮ್ಮೆಲ್ಲರ ಮೇಲೆ ನಿಧಾನಕ್ಕೆ ಸುತ್ತಿಸಿದಳು.

"ಒಬ್ಬಾಂವ ಅದಾನ, ಎಲ್ಲಾರ್ನೂ ನೋಡ್ತಾನ ಅಂತಾಳ್ರಿ," ಎಂದು ಚಾಚಿ ನಕ್ಕರು. "ನಾನು ಸಿಟ್ಟಿಗೆದ್ದಾಗೂ ಹಂಗ ಬೆರಳು ತೋರಸ್ತಾಳ. ಏನು ಬೈಯೂದ್ರಿ ಇಂಥಾಕಿನ್ನ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಅಲ್ಲಿಯವರೆಗೆ ಪ್ರತಿ ದುವಾವನ್ನೂ ನಮ್ಮ ಮೊರೆ ಕೇಳು ಎಂದೇ ಶುರು ಮಾಡಿದವಳು.

ದಿನ ಕಳೆದಂತೆ ಅವಳು ನಮಗೆಲ್ಲ ಒಂದೊಂದು ಹೆಸರು ಇಟ್ಟಿದ್ದಾಳೆ ಎಂದು ತಿಳಿಯಿತು. ಜಾರಿದ ಕನ್ನಡಕ ಮೇಲೇರಿಸಿದರೆ ಅದು ನಾನು. ಹೆಬ್ಬೆರಳಿನಿಂದ ಜಪಮಣಿ ಸರಿಸಿದರೆ ಬಡೀ ಆಪಾ. ಮೂಗಿನ ನತ್ತು ಮುಟ್ಟಿಕೊಂಡರೆ ಚಾಚಿ. ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುವ ಒಬ್ಬಾಕೆ ಪಾಠದ ನಡುವೆ ಪ್ರತಿ ವಾರವೂ ತೂಕಡಿಸುತ್ತಿದ್ದಳು. ಅವಳಿಗೆ ಕೆನ್ನೆಯ ಕೆಳಗೆ ಕೈ ಇಟ್ಟು ಕತ್ತು ವಾಲಿಸುವ ಹೆಸರು. ಆಕೆಯೇ ಎಲ್ಲರಿಗಿಂತ ಹೆಚ್ಚು ನಕ್ಕಳು.

ಒಂದು ವಾರ ನಾನು ದುವಾ ಮುಗಿಸಿ ಆಮೀನ್ ಎಂದು ಕಣ್ಣು ತೆರೆದೆ. ಎಲ್ಲರೂ ಅಂಗೈಯಿಂದ ಮುಖ ಸವರಿಕೊಳ್ಳುತ್ತಿದ್ದರು. ಕಿಟಕಿಯ ಪಕ್ಕದಲ್ಲಿ ಆ ಹುಡುಗಿಯ ಕೈಗಳು ಮಾತ್ರ ಇನ್ನೂ ಎತ್ತಿದ್ದವು, ಮತ್ತು ಅವು ಸುಮ್ಮನಿರಲಿಲ್ಲ. ಎದೆಯ ಮುಂದೆ ಬೆರಳುಗಳು ಕೂಡುತ್ತಿದ್ದವು, ಬಿಡುತ್ತಿದ್ದವು, ಯಾರನ್ನೋ ತೋರಿಸುತ್ತಿದ್ದವು. ಚಾಚಿ ಅವಳ ಮುಂಗೈ ಹಿಡಿದು ತಡೆಯಹೋದರು.

"ಬಿಡ್ರಿ ಚಾಚಿ, ಮುಗಿಸ್ಲಿ," ಎಂದೆ. ಅವಳು ಮುಗಿಸುವವರೆಗೆ ಯಾರೂ ಏಳಲಿಲ್ಲ.

ಮುಂದಿನ ಶನಿವಾರ ಬಡೀ ಆಪಾ ಬಂದಿದ್ದರು. ಈ ಸಲ ದುವಾವನ್ನು ಆ ಹುಡುಗಿಯೇ ಮಾಡಲಿ ಎಂದು ನಾನು ಹೇಳಿದಾಗ ಅವರು ಹುಬ್ಬು ಗಂಟಿಕ್ಕಿದರು.

"ಆಮೀನ್ ಅನ್ನಾವರು ನಾವು. ಅಕಿ ಏನು ಬೇಡ್ಯಾಳ ಅಂತ ತಿಳೀದ ಹೆಂಗ ಅನ್ನೂದು?"

ಕೇಳಿದ್ದು ನ್ಯಾಯವಾಗಿತ್ತು. "ಚಾಚಿ ನಮಗ ತಿಳಿಸಿ ಹೇಳ್ತಾರ್ರಿ," ಎಂದೆ. ಅವರು "ಹಂಗಾದ್ರ ಆಗಲಿ," ಎಂದರು.

ವಿಷಯ ತಿಳಿದಾಗ ಹುಡುಗಿ ಓಢಣಿಯಲ್ಲಿ ಮುಖ ಮುಚ್ಚಿಕೊಂಡಳು. ಚಾಚಿ ಬೆನ್ನು ಸವರಿ ಎಬ್ಬಿಸಿದ ಮೇಲೆ ಮುಂದೆ ಬಂದು ಕೂತಳು. ನಾವೆಲ್ಲ ಕೈ ಎತ್ತಿ, ರೂಢಿಯಂತೆ ಕಣ್ಣು ಮುಚ್ಚಿದೆವು. ಎಷ್ಟು ಹೊತ್ತಾದರೂ ಚಾಚಿಯ ದನಿ ಬರಲಿಲ್ಲ. ಆಮೇಲೆ ಬಂದದ್ದು ಇದು:

"ಎಲ್ಲಾರೂ ಕಣ್ಣು ತಗೀರ್ರಿ. ನೀವು ನೋಡೂ ತನಕ ಅಕಿ ಶುರು ಮಾಡವಲ್ಲಳು."

ಕಣ್ಣು ತೆರೆದೆವು. ಇಷ್ಟು ವರ್ಷಗಳಲ್ಲಿ ದುವಾ ಬೇಡುವ ಹೆಂಗಸರ ಮುಖಗಳನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಎಲ್ಲರ ಕಣ್ಣುಗಳೂ ಆ ಎರಡು ಕೈಗಳ ಮೇಲಿದ್ದವು.

ಅವಳು ಬೆರಳು ಎತ್ತಿ, ಕಣ್ಣಿಗೆ ತಂದು, ಶುರು ಮಾಡಿದಳು. ಮೊದಲು ಕೆನ್ನೆಯ ಕೆಳಗೆ ಕೈ ಇಟ್ಟು ಕತ್ತು ವಾಲಿಸಿದಳು. ಇನ್ನೇನು ನಗು ಏಳಬೇಕು, ಅಷ್ಟರಲ್ಲಿ ಅವಳ ಕೈಗಳು ರೊಟ್ಟಿ ಬಡಿಯತೊಡಗಿದವು. ಬಡಿದು, ತಿರುವಿ, ಒಲೆಯ ಹೊಗೆಗೆ ಕಣ್ಣು ಉಜ್ಜಿ, ಮತ್ತೆ ಬಡಿದವು. ಭುಜಗಳು ಸೋತು ಇಳಿಬಿದ್ದವು. ಆಮೇಲೆ ಅವಳು ಯಾವುದೋ ಮಗುವಿಗೆ ಹೊದಿಸುವ ಹಾಗೆ ಗಾಳಿಯಲ್ಲಿ ಒಂದು ಚಾದರ ಎಳೆದಳು.

"ಅಕಿಗೆ ನಿದ್ದಿ ಕೊಡು ಅಂತಾಳ್ರಿ," ಎಂದರು ಚಾಚಿ.

ರೊಟ್ಟಿಯಾಕೆ ಎಲ್ಲರಿಗಿಂತ ಮೊದಲು ಆಮೀನ್ ಎಂದಳು.

ಆಮೇಲೆ ಜಪಮಣಿ. ಬಡೀ ಆಪಾ ಆ ಹೊತ್ತಿಗಾಗಲೇ ಕುರ್ಚಿಯ ಮೇಲೆ ಕೂತೇ ನಮಾಜು ಮಾಡುತ್ತಿದ್ದರು. ಹುಡುಗಿ ಕುರ್ಚಿ ತೋರಿಸಿದಳು. ಕುರ್ಚಿಯಲ್ಲಿ ಕೂತವರು ಉಳಿದವರ ಹಣೆಗಳು ನೆಲ ಮುಟ್ಟುವುದನ್ನು ಬಗ್ಗಿ ನೋಡುವ ನೋಟವನ್ನು ತನ್ನ ಮುಖದ ಮೇಲೆ ತಂದಳು. ಆಮೇಲೆ ತಾನೇ ಬಾಗಿ ಹಣೆಯನ್ನು ಜಮಖಾನೆಗೆ ಹಚ್ಚಿದಳು.

"ಒಂದ ಸಲ ಆದ್ರೂ ನೆಲಕ್ಕ ಹಣಿ ಹಚ್ಚೂಹಂಗ ಮಾಡು ಅಂತಾಳ್ರಿ."

ಬಡೀ ಆಪಾ ಆಮೀನ್ ಎಂದರು.

ಕನ್ನಡಕ ಮೇಲೇರಿತು. ನನ್ನ ಸರದಿ. ನಾನು ಪಾಠ ಹೇಳುವುದನ್ನು ಅವಳು ಮಾಡಿ ತೋರಿಸಿದಳು, ಕೈ ಆಡಿಸುವುದು, ಪುಟ ತಿರುವುವುದು, ಎಲ್ಲ. ಪಾಠ ಮುಗಿಯಿತು. ಆಗ ಅವಳ ಮುಖ ಕಪಾಟಿನ ಪಕ್ಕದ ಖಾಲಿ ಜಾಗದ ಕಡೆಗೆ ತಿರುಗಿ, ಸ್ವಲ್ಪ ಹೊತ್ತು ಅಲ್ಲೇ ನಿಂತು, ಇಳಿದುಹೋಯಿತು. ಅವಳು ಆ ಖಾಲಿ ಜಾಗದಿಂದ ಏನನ್ನೋ ಎರಡೂ ಕೈಗಳಲ್ಲಿ ಮೆಲ್ಲಗೆ ಎತ್ತಿ, ಮೇಲಕ್ಕೆ ಹಿಡಿದು, ಒಪ್ಪಿಸಿದಳು.

ಚಾಚಿ ಗೊಂದಲದಿಂದ ನನ್ನ ಕಡೆ ನೋಡಿದರು. "ಆಪಾ ಅಲ್ಲಿ ಯಾರನ್ನ ನೋಡ್ತಾರೋ, ಅವರನ್ನ ನಿನ್ನ ಹತ್ರ ಛಲೋ ಇಟ್ಕೊ ಅಂತಾಳ್ರಿ. ಯಾರು ಅಂತ ನನಗ ತಿಳೀವಲ್ದು ಆಪಾ."

ಅದು ನನ್ನ ಅಮ್ಮ ಕೂರುತ್ತಿದ್ದ ಜಾಗ. ಮೊಣಕಾಲು ನೋವಿಗೆ ಕಾಲು ನೀಡಿ ಕಪಾಟಿಗೆ ಒರಗಿ ಕೂತು, ನನ್ನ ಪಾಠ ಮುಗಿದ ಕೂಡಲೇ ತಲೆದೂಗುತ್ತಿದ್ದರು, ಚೆನ್ನಾಗಿತ್ತು ಎಂದು. ಈ ಹುಡುಗಿ ಮದುವೆಯಾಗಿ ಬರುವ ಹೊತ್ತಿಗೆ ಅಮ್ಮ ತೀರಿಕೊಂಡು ಬಹಳ ದಿನವಾಗಿತ್ತು. ಪ್ರತಿ ಪಾಠದ ಕೊನೆಗೆ ನಾನು ಅತ್ತ ನೋಡುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ. ನಾನು ಆಮೀನ್ ಎಂದೆನೋ ಇಲ್ಲವೋ ನೆನಪಿಲ್ಲ.

ಕೊನೆಗೆ ಅವಳು ನತ್ತು ಮುಟ್ಟಿಕೊಂಡಳು. ತನ್ನ ಕಿವಿ ಹಿಡಿದಳು, ತನ್ನ ಬಾಯಿ ಮುಟ್ಟಿದಳು, ಆ ಕೈಯಿಂದಲೇ ಅತ್ತೆಯನ್ನು ತೋರಿಸಿ, ಮುಷ್ಟಿಯನ್ನು ಎದೆಗೆ ಒತ್ತಿಕೊಂಡಳು.

"ಏನಂದ್ಳು ಚಾಚಿ?" ಎಂದು ಯಾರೋ ಕೇಳಿದರು.

"ನನ್ನ ಕಿವಿ, ನನ್ನ ಬಾಯಿ ಇಕಿನ, ಇಕಿನ್ನ ಕಾಯಿ ಅಂದ್ಳ್ರಿ," ಎಂದು ಹೇಳಿ ಚಾಚಿ ಸೆರಗಿನಲ್ಲಿ ಮುಖ ಹುದುಗಿಸಿದರು.

ಹುಡುಗಿ ಅಂಗೈಗಳಿಂದ ಮುಖ ಸವರಿಕೊಂಡಳು. ನಾವೂ ಸವರಿಕೊಂಡೆವು. ಬಡೀ ಆಪಾ ಅವಳನ್ನು ಹತ್ತಿರ ಕರೆದು, ಅವಳ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಕಣ್ಣಿಗೆ ಒತ್ತಿಕೊಂಡರು. "ಮುಂದಿನ ವಾರಾನೂ ಇಕಿನ ಮಾಡ್ಲಿ," ಎಂದರು. ಆ ಸಂಜೆ ಚಹಾ ಕಾಸುವುದನ್ನೇ ಎಲ್ಲರೂ ಮರೆತಿದ್ದೆವು.

ಕೊಪ್ಪಳದ ಸಭೆಯಲ್ಲಿ ನಾನು ಇದನ್ನು ಹೇಳಿದೆ. ಯಲಬುರ್ಗಾದ ಸಂಘ ನಡೆಸುವಾಕೆ ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕೂತು, "ನಮ್ಮ ಕಡೆ ತಳಕಲ್ಲಿನಾಗ ಒಂದು ಹುಡುಗಿ ಅದಾಳ್ರಿ, ಇಂಥಾಕಿನ. ಮನಿ ಬಿಟ್ಟು ಹೊರಗ ಬಂದಾಕಿನ ಅಲ್ಲ. ನಿಮ್ಮ ಹುಡುಗಿನ್ನ ಕರಕೊಂಡು ಒಮ್ಮೆ ಬರ್ರಿ," ಎಂದಳು.

ಚಾಚಿ, ಸೊಸೆ, ನಾನು ಬೆಳಗಿನ ಬಸ್ಸಿಗೆ ಹೊರಟೆವು. ಕಾಲುವೆ, ಭತ್ತದ ಗದ್ದೆಯ ಬೆಳ್ಳಕ್ಕಿ, ಬಸ್ಸು ಹತ್ತಲಾರದೆ ಜಗಳಾಡುವ ಮುದುಕ, ಕೊಪ್ಪಳ ದಾಟಿದ ಮೇಲಿನ ಕಪ್ಪು ಹೊಲಗಳು, ಹುಡುಗಿ ಎಲ್ಲವನ್ನೂ ಅತ್ತೆಗೆ ಕೈಯಲ್ಲಿ ಹೇಳುತ್ತಲೇ ಇದ್ದಳು. ನಾನು ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಅಷ್ಟೆಲ್ಲ ಅಲ್ಲಿದೆ ಎಂದು ನೋಡಿರಲಿಲ್ಲ.

ತಳಕಲ್ಲಿನ ಆ ಮನೆಯವರು ಬಳೆ ಮಾರುವವರು. ಮಗಳು ಒಳಗೆ ಕೂತು ಬಳೆಗಳನ್ನು ಬಣ್ಣದ ಪ್ರಕಾರ ದಾರಕ್ಕೆ ಪೋಣಿಸುತ್ತಿದ್ದಳು. ಅವಳ ತಾಯಿ ನಮಗೆ ನೀರು ಕೊಟ್ಟು, "ಅಕಿಗೆ ಏನೂ ತಿಳಿಯಂಗಿಲ್ರಿ. ಉಣ್ಣು ಅಂದ್ರ ಉಣ್ತಾಳ, ಮಕ್ಕೊ ಅಂದ್ರ ಮಕ್ಕೊಂತಾಳ," ಎಂದಳು.

ನಮ್ಮ ಹುಡುಗಿ ಹೋಗಿ ಅವಳೆದುರು ಕೂತಳು. ನೀರಿನ ತಂಬಿಗೆ ತೋರಿಸಿ, ಬೊಗಸೆಯನ್ನು ಬಾಯಿಗೆ ತಂದಳು. ಆ ಹುಡುಗಿ ಸ್ವಲ್ಪ ಹೊತ್ತು ದಿಟ್ಟಿಸಿ, ತಲೆ ಅಲ್ಲಾಡಿಸಿ, ಹೆಬ್ಬೆರಳನ್ನು ಬಾಯಿಗೆ ಬಾಗಿಸಿದಳು. ಇಬ್ಬರ ಮನೆಯಲ್ಲೂ ನೀರಿಗೆ ಬೇರೆ ಬೇರೆ ಮಾತು! ಇಬ್ಬರೂ ನಕ್ಕರು. ಬಳೆಗೆ, ರೊಟ್ಟಿಗೆ, ಬೆಕ್ಕಿಗೆ, ಅವ್ವನಿಗೆ, ಒಬ್ಬಳು ತನ್ನದನ್ನು ತೋರಿಸಿದರೆ ಇನ್ನೊಬ್ಬಳು ತನ್ನದನ್ನು ಕೊಟ್ಟಳು. ನಾವು ಚಹಾ ಕುಡಿದು ಮುಗಿಸುವುದರೊಳಗೆ ಅವರ ಕೈಗಳು ಎಷ್ಟು ಬೇಗ ಓಡತೊಡಗಿದವೆಂದರೆ ಚಾಚಿಗೂ ಹಿಂಬಾಲಿಸಲು ಆಗಲಿಲ್ಲ. ಎರಡು ಊರುಗಳ ನಡುವೆ ಒಂದು ಭಾಷೆ ಹುಟ್ಟುವುದನ್ನು ನಾನು ಕಣ್ಣಾರೆ ಕಂಡೆ. ಉಸಿರು ಜೋರಾಗಿ ಬಿಡಲೂ ಹೆದರಿಕೆಯಾಯಿತು.

ಆಮೇಲೆ ತಳಕಲ್ಲಿನ ಹುಡುಗಿ ಏನನ್ನೋ ಬಹಳ ಹೊತ್ತು ಹೇಳಿದಳು. ಮೀಸೆ ತಿರುವಿದಳು. ತೋಳಿನ ಮೇಲೆ ಬಳೆಯ ಸರ ಹೊತ್ತಳು. ಅಂಗಾತ ಮಲಗಿದಳು. ಎದ್ದು, ಹೆಗಲ ಮೇಲೆ ಏನನ್ನೋ ಹೊತ್ತು ಬಾಗಿಲವರೆಗೆ ನಡೆದು, ಬರಿಗೈ ಚಾಚಿ ನಿಂತಳು. ನಮ್ಮ ಹುಡುಗಿ ಅದನ್ನು ಅತ್ತೆಗೆ ಬಿಡಿಸಿ ಹೇಳಿದಳು.

"ಅಪ್ಪನ್ನ ಹೊತ್ಕೊಂಡು ಹೋದ್ರು, ಎಲ್ಲಿಗೆ ಅಂತ ಯಾರೂ ನನಗ ಹೇಳಲಿಲ್ಲ ಅಂತ ಅನ್ನಾಕತ್ಯಾಳ್ರಿ," ಎಂದರು ಚಾಚಿ.

ತಾಯಿಯ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಗಂಡ ತೀರಿಕೊಂಡು ವರ್ಷಗಳೇ ಆಗಿದ್ದವು. "ಇಷ್ಟ ಮಾತು ಇಕಿ ಹೊಟ್ಟ್ಯಾಗ ಇದ್ದುವೇನ್ರಿ?" ಎಂದಳು. "ಇಷ್ಟ ದಿನ ಇದನ್ನ ಇಟ್ಕೊಂಡು ಕುಂತಿದ್ಳೇನ್ರಿ?"

ನಮ್ಮ ಹುಡುಗಿ ನೆಲದ ಮೇಲೆ ಅಂಗೈ ಚಾಚಿದಳು. ಅದರ ಮೇಲೆ ತನ್ನ ಓಢಣಿಯ ತುದಿ ಹೊದಿಸಿ, ಮಲಗಿದವರನ್ನು ತಟ್ಟುವ ಹಾಗೆ ಮೆಲ್ಲಗೆ ತಟ್ಟಿದಳು. ಇನ್ನೊಬ್ಬಳು ಆ ಓಢಣಿಯನ್ನೇ ನೋಡುತ್ತಿದ್ದಳು. ಆಮೇಲೆ ತಾಯಿಯ ಕಡೆ ತಿರುಗಿ, ಎಲ್ಲಿ ಎಂದು ಕೈ ಬಿಡಿಸಿ ಕೇಳಿದಳು. ಆ ಒಂದು ಮಾತಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ.

ತಾಯಿ ತಟ್ಟೆ ಕೆಳಗಿಟ್ಟು, ಮಗಳ ಕೈ ಹಿಡಿದು ಎದ್ದಳು. ನಾವೂ ಹಿಂದೆ ಹೋದೆವು. ಊರ ಹೊರಗಿನ ಖಬರಸ್ತಾನದ ಮೋಟು ಗೋಡೆಯ ಹತ್ತಿರ ನಿಂತು ತಾಯಿ ಬೆರಳು ಮಾಡಿ ತೋರಿಸಿದಳು, ಬೇವಿನ ಗಿಡದ ಬುಡದಲ್ಲಿ, ಅದು. ಮಗಳು ಗೋಡೆಗೆ ಎದೆ ಒತ್ತಿ ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಆಮೇಲೆ ಎರಡೂ ಕೈ ಎತ್ತಿ ತನ್ನ ಅಪ್ಪನೊಡನೆ ಮಾತಾಡಿದಳು. ಆ ಮಾತುಗಳ ಅರ್ಥವನ್ನು ನಮ್ಮ ಹುಡುಗಿ ಚಾಚಿಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನಮ್ಮ ಹುಡುಗಿ ಅತ್ತೆಯ ಹೆಗಲಿಗೆ ತಲೆ ಇಟ್ಟು ಮಲಗಿಬಿಟ್ಟಳು. ಸಂಜೆಯ ಬಿಸಿಲು ಅವಳ ಮಡಿಲಿಗೆ ಬೀಳುತ್ತಿತ್ತು. ಚಾಚಿ ನನ್ನ ಮೊಣಕೈ ಮುಟ್ಟಿ, ನೋಡ್ರಿ ಎಂದು ಕಣ್ಣಲ್ಲೇ ತೋರಿಸಿದರು. ಗಾಢ ನಿದ್ದೆಯಲ್ಲೂ ಅವಳ ಬೆರಳುಗಳು ಸಣ್ಣಗೆ ಅಲುಗುತ್ತಿದ್ದವು, ಒಮ್ಮೆ ಬೊಗಸೆಯಾಗಿ, ಒಮ್ಮೆ ಹೆಬ್ಬೆರಳು ಬಾಗಿ.