ಚಿಕ್ಕಪ್ಪ ನುಂಗಿಕೊಂಡ ಆಶೀರ್ವಾದ

ಯಾರಾದರೂ ಕಾಲಿಗೆರಗಲು ಬಗ್ಗಿದರೆ ಸಾಕು, ನಮ್ಮ ಚಿಕ್ಕಪ್ಪ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ತೊಂಬತ್ತರ ದಶಕದ ನಡುವೆ ಅವರು ಸೈನ್ಯದಿಂದ ನಿವೃತ್ತರಾಗಿ ಪಾಂಡವಪುರದ ನಮ್ಮ ಮನೆಗೆ ಬಂದರು. ಮೇಲುಕೋಟೆಯಲ್ಲಿ ಸಂಸ್ಕೃತ ಓದಿದವರು. ಪಲ್ಟನ್ನಿನಲ್ಲಿ ಅವರದು ಬಂದೂಕಿನ ಕೆಲಸವಲ್ಲ, ಪೂಜೆಯ ಕೆಲಸ; ಅಲ್ಲಿ ಎಲ್ಲರಿಗೂ ಅವರು 'ಪಂಡಿತ್‌ಜೀ'. ಗಡಿಗೆ ಹೊರಟ ಜವಾನರ ಹಣೆಗೆ ಕುಂಕುಮವಿಟ್ಟು 'ದೀರ್ಘಾಯುಷ್ಮಾನ್ ಭವ' ಎಂದು ಹರಸಿ ಕಳಿಸಬೇಕು. ಹಾಗೆ ಕಳಿಸಿದವರಲ್ಲಿ ಕೆಲವರ ಅಂತ್ಯಕ್ರಿಯೆಯನ್ನೂ ಅವರೇ ಮಾಡಿಸಿದ್ದರಂತೆ.

ಮನೆಯಲ್ಲಿ ಅವರು ಒಂದು ಕಡೆ ಕೂತವರೇ ಅಲ್ಲ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಬೀದಿಗೆ. ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ನನ್ನ ನಿಶ್ಚಿತಾರ್ಥದ ದಿನ ನಾನು ಬಗ್ಗಿದಾಗಲೂ ಎದ್ದು ಹೋಗಿದ್ದರು. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಒಂದು ಬೆಳಿಗ್ಗೆ ಹೊಣಕೆರೆ ಕಡೆಯ ಹೆಂಗಸೊಬ್ಬರು ಮಗನನ್ನು ಕರೆತಂದರು. ಹುಡುಗ ಮಿಲಿಟರಿಗೆ ಸೇರಿದ್ದ, ಮಧ್ಯಾಹ್ನದ ರೈಲಿಗೆ ಹೊರಡುವವನಿದ್ದ. ಅವನು ಬಗ್ಗುತ್ತಲೇ ಚಿಕ್ಕಪ್ಪ ಎದ್ದರು. ಆ ತಾಯಿ ದಾರಿಗೆ ಅಡ್ಡ ನಿಂತರು.

"ಒಳ್ಳೇದಾಗ್ಲಿ ಅಂತ ಒಂದ್ಮಾತು ಅನ್ನಿ ಸಾಮಿ. ನೀವು ಮಿಲ್ಟ್ರೀಲಿದ್ದೋರು. ನಿಮ್ ಬಾಯಲ್ಲಿ ಬಂದ್ರೆ ನಂಗೂ ಧೈರ್ಯ."

"ನನ್ನ ಬಾಯಿ ಒಳ್ಳೇದಲ್ಲಮ್ಮ."

"ಸುಳ್ಳಾದ್ರೂ ಪರ್ವಾಗಿಲ್ಲ, ಯೋಳ್ಬುಡಿ."

ಚಿಕ್ಕಪ್ಪನ ತುಟಿ ಅಲುಗಿತು, ಮಾತು ಬರಲಿಲ್ಲ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಮಗನ ಕೈಹಿಡಿದು ಜಗಲಿ ಇಳಿದುಹೋದರು. ನಾನು ಚಿಕ್ಕಪ್ಪನ ಕಡೆ ತಿರುಗಿದೆ.

"ಒಂದು ಮಾತು ಚಿಕ್ಕಪ್ಪ! ಆಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಊಟದ ಹೊತ್ತು ಮೀರಿದರೂ ಪತ್ತೆಯಿಲ್ಲ. ಅಂದದ್ದು ಹೆಚ್ಚಾಯಿತೇನೋ ಎಂದು ನಾನು ಒಳಗೂ ಹೊರಗೂ ತಿರುಗಿದೆ. ಬಿಸಿಲು ಇಳಿಯುವಾಗ ಬಂದರು.

"ಸ್ಟೇಷನ್ನಿಗೆ ಹೋಗಿದ್ದೆ. ಹೇಳಿದೆ," ಎಂದರು.

"ಅವನೇನಂದ?"

"ಅವನಿಗೆ ಕೇಳಿಸಲಿಲ್ಲ. ರೈಲು ಹೊರಟ ಮೇಲೆ ಹೇಳಿದೆ."

ಅದೆಂಥ ಆಶೀರ್ವಾದ ಎಂದು ರೇಗಿದೆ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಕೇಳಿಸಿಕೊಂಡೋರೇ ಕಣೇ ಮುಂದೆ ನುಗ್ಗಿದ್ದು. ಪಂಡಿತ್‌ಜೀ ಹೇಳಿದಾರೆ, ನಮಗೇನೂ ಆಗಲ್ಲ ಅಂತ."

ಬಡಿಸುತ್ತೇನೆ ಬನ್ನಿ ಎಂದಷ್ಟೇ ಅಂದೆ.

ಮದುವೆಯಾಗಿ ಶ್ರೀರಂಗಪಟ್ಟಣಕ್ಕೆ ಹೊರಟ ದಿನ ಎಲ್ಲರ ಕಾಲಿಗೂ ಎರಗಿದೆ, ಚಿಕ್ಕಪ್ಪನ ಹತ್ತಿರ ಹೋಗಲಿಲ್ಲ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಿರುಗಿ ನೋಡಿದೆ. ಅವರು ಬೀದಿಯ ನಡುವೆ ನಿಂತಿದ್ದರು, ತುಟಿ ಅಲುಗುತ್ತಿತ್ತು.