ಜೇನು ನೆಕ್ಕಿಸಿದ ಬೆರಳು

ಆರ್.ಟಿ. ನಗರದ ಹಿಂಭಾಗದಲ್ಲಿ, ಎರಡು ಆಟೋ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕಾದ ಗಲ್ಲಿಯೊಂದಿದೆ. ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಅರವತ್ತಕ್ಕೂ ಹೆಚ್ಚು ಮಂದಿಯ ಬಾಯಿಗೆ ಮೊಟ್ಟಮೊದಲು ಹೋದದ್ದು ಮೆಹಬೂಬ್ ಬೀಯವರ ಬಲಗೈ ತೋರುಬೆರಳು, ಅದರ ತುದಿಯಲ್ಲಿ ಒಂದು ತೊಟ್ಟು ಜೇನು. ಇದಕ್ಕೆ ಅವರ ಮನೆಮಾತಿನಲ್ಲಿ ಘುಟ್ಟಿ ಅನ್ನುತ್ತಾರೆ. ಘುಟ್ಟಿ ಕೊಟ್ಟವರ ಗುಣವೇ ಮಗುವಿಗೆ ಬರುತ್ತದೆಂದು ನಂಬಿಕೆ. ಹಾಗಾಗಿ ಸಿಕ್ಕಸಿಕ್ಕವರ ಕೈಯಲ್ಲಿ ಅದನ್ನು ಕೊಡಿಸುವ ಹಾಗಿಲ್ಲ.

ಮೆಹಬೂಬ್ ಬೀ ಸಿಕ್ಕಸಿಕ್ಕವರಲ್ಲ. ಗಂಡ ನೂರುಲ್ಲಾ ತೀರಿಕೊಂಡಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಹೊಲಿಗೆ ಮಿಷನ್ ತುಳಿದು ಒಬ್ಬನೇ ಮಗ ಮುದಸ್ಸಿರ್‌ನನ್ನು ಓದಿಸಿದರು. ಯಾರ ಮುಂದೆಯೂ ಕೈಚಾಚಲಿಲ್ಲ. ಕುಪ್ಪಸ ಬಿಗಿಯಾಗಿದ್ದರೆ ಬಟ್ಟೆ ಕಡಿಮೆ ಬಿತ್ತು ಎಂದು ನೆಪ ಹೇಳದೆ, ನಾನೇ ತಪ್ಪಾಗಿ ಕತ್ತರಿಸಿದೆ ಎನ್ನುವ ದರ್ಜಿ ಬೆಂಗಳೂರಲ್ಲಿ ಇದ್ದರೆ ಅವರೊಬ್ಬರೇ ಎಂದು ಗಲ್ಲಿಯ ಹೆಂಗಸರು ಹೇಳುತ್ತಿದ್ದರು. ಎದುರು ಮನೆಯ ಹೂವಿನ ಅಂಜಿನಮ್ಮ ಕೂಡ ತನ್ನ ಮೊದಲ ಮೊಮ್ಮಗನನ್ನು ಎತ್ತಿಕೊಂಡು ಬಂದು ಇವರ ಬೆರಳು ಮುಟ್ಟಿಸಿಕೊಂಡು ಹೋಗಿದ್ದಳು. ಹೀಗೆ ಘುಟ್ಟಿ ನೆಕ್ಕಿದವರಲ್ಲಿ ಗಯಾಸ್ ಎಂಬ ಒಬ್ಬ ಈಗ ಬಾಯಿ ಬಿಟ್ಟರೆ ಬರೀ ಸುಳ್ಳು ಹೇಳುತ್ತಾನೆ. ಅದನ್ನು ಮಾತ್ರ ಯಾರೂ ಮೆಹಬೂಬ್ ಬೀಯವರ ಮುಂದೆ ಎತ್ತುವುದಿಲ್ಲ.

ಇಂಥವರ ಸ್ವಂತ ಮೊಮ್ಮಗಳಿಗೇ ಘುಟ್ಟಿ ತಪ್ಪಿಹೋಯಿತು. ಐಮನ್ ಹುಟ್ಟಿದ್ದು ಆಪರೇಷನ್ ಮಾಡಿ. ಹುಟ್ಟಿದ ಕೂಡಲೇ ಉಸಿರಿಗೆ ಕಷ್ಟವಾಗಿ ಮಗು ಮೂರು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಮನೆಗೆ ಬಂದ ದಿನವೇ ಸೊಸೆ ಅಮ್ರೀನ್ ಆಸ್ಪತ್ರೆಯವರು ಕೊಟ್ಟ ಹಾಳೆ ಹಿಡಿದು ಎಲ್ಲರನ್ನೂ ಕೂರಿಸಿ ಓದಿದಳು. ಹೆಬ್ಬಾಳದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದವಳು, ಓದುವುದೆಂದರೆ ಗಟ್ಟಿಯಾಗಿಯೇ ಓದುವುದು. ವರ್ಷ ತುಂಬುವ ತನಕ ಮಗುವಿಗೆ ಜೇನು ಕೊಡಬಾರದು. ಕೊಟ್ಟರೆ ಅಪರೂಪಕ್ಕೆ ಒಂದು ಕಾಯಿಲೆ ಬರುತ್ತದೆ. ಮಲ ಕಟ್ಟುತ್ತದೆ, ಅಳು ಕುಗ್ಗುತ್ತದೆ, ರೆಪ್ಪೆ ಜೋಲುತ್ತದೆ, ಕೈಕಾಲು ಸೋಲುತ್ತವೆ, ಕೊನೆಗೆ ಉಸಿರಾಡುವುದೂ ಕಷ್ಟವಾಗುತ್ತದೆ. ಮೆಹಬೂಬ್ ಬೀಗೆ ನಗು ಬಂತು. ಆದರೂ ಬಾಣಂತಿಯ ಮನಸ್ಸು ನೋಯಿಸಬಾರದೆಂದು ತಲೆಯಾಡಿಸಿದರು.

"ಮಾತು ಕೊಡಿ ಅಮ್ಮಿ," ಎಂದಳು ಅಮ್ರೀನ್.

"ಕೊಟ್ಟೆ. ನಿನ್ ಮಗು, ನಿನ್ನಿಷ್ಟ," ಎಂದರು ಅವರು.

ಮಾತು ಕೊಟ್ಟದ್ದೇನೋ ಸರಿ. ಆದರೆ ಅವರ ಮನಸ್ಸು ಕೊರೆಯಿತು. ಯಾರ ಗುಣವೂ ಇಲ್ಲದೆ ಈ ಕೂಸು ಹೇಗೆ ಬೆಳೆದೀತು? ಊರ ಮಕ್ಕಳಿಗೆಲ್ಲ ಕೊಟ್ಟ ಬೆರಳು ಮನೆಯ ಮಗುವಿಗೆ ಬೇಡವಾಯಿತೆ? ಸಕ್ಕರೆಯೋ ಬಾಟಲಿಯ ಬಣ್ಣದ ಸಿರಪ್ಪೋ ಆಗಿದ್ದರೆ ಅವರೇ ಬೇಡ ಅನ್ನುತ್ತಿದ್ದರು. ಇದು ನಂದಿಬೆಟ್ಟದ ಕಡೆಯ ಗುರುತಿನವರೊಬ್ಬರು ಗೂಡು ಹಿಂಡಿ ಕೊಟ್ಟ ಜೇನು. ಒಂದು ಹನಿ ಬೆರಕೆ ಇಲ್ಲ. ಅವರ ಪಾಲಿಗೆ ಜೇನು ತಿಂಡಿಯಲ್ಲ, ಔಷಧ. ಔಷಧದಿಂದ ಯಾರಿಗೆ ಏನಾದೀತು?

ನಲವತ್ತನೆಯ ದಿನ ಅಮ್ರೀನ್ ಸೂತಕ ಕಳೆಯುವ ಸ್ನಾನಕ್ಕೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಒಳಗೆ ನೀರು ಬೀಳುವ ಸದ್ದು ಕೇಳಿಸಿತು. ಮೆಹಬೂಬ್ ಬೀ ಮಸಾಲೆ ಡಬ್ಬಿಯ ಹಿಂದಿದ್ದ ಶೀಶೆ ತೆಗೆದು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಚ್ಚಲ ಬಾಗಿಲ ಮೇಲೆ ಒಂದು ಕಣ್ಣಿಟ್ಟುಕೊಂಡೇ ಬೆರಳದ್ದಿದರು. ಬಿಸ್ಮಿಲ್ಲಾ ಎಂದು ನಾಲಿಗೆಗೆ ಮುಟ್ಟಿಸಿದರು. ಐಮನ್ ಚಪ್ಪರಿಸಿದಳು, ಇನ್ನೂ ಬೇಕೆಂಬಂತೆ ಬಾಯಿ ತೆರೆದಳು. ಘುಟ್ಟಿ ಒಂದೇ ಸಲದ್ದು. ಆದರೆ ಆ ಬಾಯಿ ನೋಡಿದ ಯಾವ ಅಜ್ಜಿಗೆ ಒಂದಕ್ಕೇ ನಿಲ್ಲಿಸಲು ಮನಸ್ಸು ಬರುತ್ತದೆ? ಎಂಟು ದಿನ, ದಿನವೂ ಸ್ನಾನದ ಹೊತ್ತಿಗೆ, ಒಂದೊಂದು ಬೆರಳು.

ಅದಾಗಿ ವಾರ ಕಳೆಯುವುದರೊಳಗೆ ಮಗುವಿಗೆ ಮಲ ಕಟ್ಟಿತು. ಎದೆಹಾಲು ಕುಡಿಯುವ ಮಕ್ಕಳಲ್ಲಿ ಹೀಗಾಗುವುದು ಮಾಮೂಲು ಎಂದು ಅಮ್ರೀನ್ ಯಾರನ್ನೋ ಕೇಳಿ ತಿಳಿದುಕೊಂಡು ಸಮಾಧಾನವಾಗಿದ್ದಳು. ಮೆಹಬೂಬ್ ಬೀ ಕೂಡ ಹೌದೆಂದರು. ಆದರೆ ಆ ಹಾಳೆಯ ಮೊದಲ ಮಾತು ಅವರ ಕಿವಿಯಲ್ಲಿ ಗುಯ್‌ಗುಟ್ಟತೊಡಗಿತು. ಮಲ ಕಟ್ಟಿದ ಐದನೆಯ ದಿನ ಮಗು ಅತ್ತಾಗ ಅದು ಐಮನ್‌ಳ ಅಳುವಾಗಿರಲಿಲ್ಲ, ಬೆಕ್ಕಿನ ಮರಿಯ ಕೀರಲು ದನಿಯಾಗಿತ್ತು. ಎರಡನೆಯ ಮಾತು. ಮರುದಿನ ಬೆಳಿಗ್ಗೆ ಮಗುವಿನ ರೆಪ್ಪೆ ಅರ್ಧಕ್ಕೇ ನಿಂತಿತ್ತು. ಎದೆಗೆ ಹಾಕಿದರೆ ಚೀಪಲಾರದೆ ಹಾಲು ಬಾಯಿಯ ಪಕ್ಕದಿಂದ ಇಳಿಯುತ್ತಿತ್ತು. ಎತ್ತಿಕೊಂಡರೆ ಕತ್ತು ಒದ್ದೆ ಬಟ್ಟೆಯಂತೆ ಹಿಂದಕ್ಕೆ ಬಿತ್ತು.

ಅಮ್ರೀನ್ ಕಿರುಚಿಕೊಂಡು ಗಂಡನನ್ನು ಕರೆದಳು. ಅವರಿಬ್ಬರೂ ಮಗುವಿನ ಬಟ್ಟೆಬರೆ ತುಂಬಿಕೊಳ್ಳುತ್ತಿದ್ದಾಗ ಮೆಹಬೂಬ್ ಬೀ ಏನು ಮಾಡಿದರು ಗೊತ್ತೆ? ಅಡುಗೆಮನೆಗೆ ಹೋಗಿ ಜೇನಿನ ಶೀಶೆಯನ್ನು ಸಿಂಕಿಗೆ ಬಗ್ಗಿಸಿದರು. ಗಟ್ಟಿ ಜೇನು ಬೇಗ ಇಳಿಯಲಿಲ್ಲ. ನಲ್ಲಿ ತಿರುಗಿಸಿ, ಬೆರಳು ಹಾಕಿ ಉಜ್ಜಿ ಉಜ್ಜಿ ತೊಳೆದರು. ಜೀವನದಲ್ಲಿ ಅವರು ಒಂದು ತಪ್ಪನ್ನು ಬಚ್ಚಿಟ್ಟದ್ದು ಅದೇ ಮೊದಲು. ಆಟೋದಲ್ಲಿ ಕೂತಾಗಲೂ ಬೆರಳು ಅಂಟಂಟಾಗಿದೆ ಅನಿಸುತ್ತಿತ್ತು.

ಹೆಬ್ಬಾಳದ ಕಡೆಯ ಆಸ್ಪತ್ರೆಯಲ್ಲಿ ಮಗುವನ್ನು ನೇರ ಒಳಗೆ ತೆಗೆದುಕೊಂಡರು. ಮಕ್ಕಳ ಡಾಕ್ಟರು ರಕ್ಷಾ ಎಂಬವರು, ವಿಜಯಪುರದ ಕಡೆಯವರು. ಮಗುವಿನ ಕೈ ಎತ್ತಿ ಬಿಟ್ಟರು, ಅದು ಹಾಗೇ ಬಿತ್ತು. ರಕ್ತದಲ್ಲಿ ಸೋಂಕು ಆಗಿರಬಹುದು, ಈಗಲೇ ಇಂಜೆಕ್ಷನ್ ಶುರು ಮಾಡುತ್ತೇವೆ ಎಂದರು. ಆಮೇಲೆ ಮೂವರ ಮುಖವನ್ನೂ ನೋಡಿ ಕೇಳಿದರು.

"ಕೂಸಿಗೆ ಏನರ ನೆಕ್ಕಿಸೀರೇನು? ಜೇನುತುಪ್ಪ, ಬೆಲ್ಲದ ನೀರು, ಖರ್ಜೂರ?"

"ಇಲ್ಲ ಡಾಕ್ಟರ್," ಎಂದಳು ಅಮ್ರೀನ್. "ನನ್ ಹಾಲು ಬಿಟ್ರೆ ಏನೂ ಇಲ್ಲ. ಜೇನು ಬೇಡ ಅಂತ ಮೊದ್ಲೇ ಹೇಳಿದೀನಿ. ನಮ್ಮತ್ತೆ ಮಾತು ಕೊಟ್ಟಿದಾರೆ."

ಡಾಕ್ಟರು ಮೆಹಬೂಬ್ ಬೀಯವರ ಕಡೆ ನೋಡಿದರು. ಅವರು ನೆಲ ನೋಡಿದರು.

"ನಮ್ಮಮ್ಮ ಸುಳ್ಳು ಹೇಳೋರಲ್ಲ ಮೇಡಂ," ಎಂದ ಮುದಸ್ಸಿರ್.

ಮೂವರನ್ನೂ ಹೊರಗೆ ಕಳಿಸಿ ಬಾಗಿಲು ಮುಚ್ಚಿದರು. ಅಮ್ರೀನ್ ಬಾಗಿಲ ಗಾಜಿಗೆ ಹಣೆ ಒತ್ತಿ ನಿಂತಳು. ಮುದಸ್ಸಿರ್ ಫಾರಂ ತುಂಬಲು ಹೋದ. ಮೆಹಬೂಬ್ ಬೀ ಬೆಂಚಿನ ಮೇಲೆ ಕೂತರು. ಡಾಕ್ಟರೇ ಸೋಂಕು ಅಂದಿದ್ದಾರಲ್ಲ, ಸೋಂಕೇ ಇರಬೇಕು ಎಂದುಕೊಂಡರು. ಅರವತ್ತು ಮಕ್ಕಳಿಗೆ ಏನೂ ಆಗದ್ದು ಇವಳೊಬ್ಬಳಿಗೆ ಏಕಾಗುತ್ತದೆ? ಹೇಳಿದರೆ ಸೊಸೆ ತನ್ನ ಮುಖ ನೋಡುವುದಿಲ್ಲ, ಮಗ ತಲೆ ಎತ್ತುವುದಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಶೀಶೆ ತೊಳೆದಾಗಿದೆ. ಹೀಗೆ ಒಂದೊಂದಾಗಿ ಜೋಡಿಸಿಕೊಂಡಷ್ಟೂ ಭಯ ಹೆಚ್ಚಾಯಿತೇ ಹೊರತು ಇಳಿಯಲಿಲ್ಲ. ದುವಾ ಕೇಳಲು ಕೈ ಎತ್ತಿದರೆ ಕಣ್ಣಿಗೆ ಕಂಡದ್ದು ಆ ಬೆರಳೇ.

ಆಗ ಇನ್ನೊಂದು ಯೋಚನೆ ಬಂತು. ಕೊಟ್ಟವರ ಗುಣ ಮಗುವಿಗೆ ಬರುತ್ತದೆ. ಆದರೆ ಆ ಹೊತ್ತಿನಲ್ಲಿ ತಾನು ಎಂಥವಳಾಗಿದ್ದೆ? ಬಚ್ಚಲ ಬಾಗಿಲ ಮೇಲೆ ಕಣ್ಣಿಟ್ಟು ಕದ್ದು ಬೆರಳದ್ದಿದವಳು. ಈಗ ಎಂಥವಳಾಗಿದ್ದೇನೆ? ಮಗು ಸಾಯುತ್ತಿದ್ದರೂ ಬಾಯಿಗೆ ಬೀಗ ಹಾಕಿಕೊಂಡು ಕೂತವಳು. ಆ ಕೂಸಿನ ನಾಲಿಗೆಯ ಮೇಲೆ ಇಟ್ಟದ್ದು ಈ ಗುಣವನ್ನೇ. ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಎದ್ದರು. ಗೋಡೆ ಹಿಡಿದುಕೊಂಡೇ ನಡೆದರು. ಅಮ್ರೀನ್‌ಳನ್ನು ಸರಿಸಿ ಬಾಗಿಲು ತಳ್ಳಿದರು. ನರ್ಸು ತಡೆಯಲು ಬಂದಳು.

"ಡಾಕ್ಟರಮ್ಮ, ಜೇನು ಕೊಟ್ಟೋಳು ನಾನು," ಎಂದರು ಮೆಹಬೂಬ್ ಬೀ. "ಎಂಟು ದಿನ ಕೊಟ್ಟೆ. ಇವಳಿಗೆ ಗೊತ್ತಿಲ್ಲ."

ಡಾಕ್ಟರು ಬೈಯಲಿಲ್ಲ. ಕೊನೆಯ ಸಲ ಕೊಟ್ಟದ್ದು ಯಾವತ್ತು, ಮಲ ನಿಂತದ್ದು ಯಾವತ್ತು ಎಂದು ಕೇಳಿ ಬರೆದುಕೊಂಡರು. ನರ್ಸಿನ ಕಡೆ ತಿರುಗಿ, ಬರೆದಿದ್ದ ಇಂಜೆಕ್ಷನ್‌ಗಳಲ್ಲಿ ಒಂದನ್ನು ನಿಲ್ಲಿಸಿ ಎಂದರು. ಜೇನಿನ ಕಾಯಿಲೆಯಾಗಿದ್ದರೆ ಆ ಔಷಧ ಸೋತ ಕೈಕಾಲನ್ನು ಇನ್ನಷ್ಟು ಸೋಲಿಸುತ್ತಿತ್ತಂತೆ. ಅದು ಆಗಲೇ ಟ್ರೇಗೆ ಬಂದಿತ್ತು.

"ಛಲೋ ಆತು ಹೇಳಿದ್ರಿ, ಅಜ್ಜಿ," ಎಂದರು.

ಅಮ್ರೀನ್ ಬಾಗಿಲಲ್ಲೇ ನಿಂತಿದ್ದಳು. ಅತ್ತೆಯ ಬೆರಳನ್ನು ಒಂದು ಸಲ ನೋಡಿ ಮುಖ ತಿರುಗಿಸಿದಳು. ಬೈದಿದ್ದರೆ ಮೆಹಬೂಬ್ ಬೀಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮಲದ ಪರೀಕ್ಷೆ ಜೇನಿನ ಕಾಯಿಲೆಯೇ ಎಂದಿತು. ಅದಕ್ಕೆಂದೇ ಇರುವ ಔಷಧ ಸುಲಭವಾಗಿ ಸಿಗುವಂಥದ್ದಲ್ಲ. ನರಗಳು ತಾವಾಗಿ ಚೇತರಿಸಿಕೊಳ್ಳುವ ತನಕ ಯಂತ್ರದಿಂದ ಉಸಿರು, ಮೂಗಿನ ನಳಿಗೆಯಿಂದ ಹಾಲು. ಎಷ್ಟು ದಿನ ಎಂದರೆ ಡಾಕ್ಟರು ನೋಡೋಣ ಎನ್ನುತ್ತಿದ್ದರು. ಬೆರಕೆಯಿಲ್ಲದ ಜೇನಲ್ಲವೆ ಎಂದು ಮೆಹಬೂಬ್ ಬೀ ಒಂದು ದಿನ ಧೈರ್ಯ ಮಾಡಿ ಕೇಳಿದರು. ಬೆರಕೆಯ ಮಾತೇ ಅಲ್ಲ ಎಂದರು ಡಾಕ್ಟರು. ಮಣ್ಣಿನಲ್ಲಿರುವ ಒಂದು ಸೂಕ್ಷ್ಮ ಬೀಜ ಗೂಡಿನ ಜೇನಿನಲ್ಲೂ ಇರಬಹುದು, ಮನೆಯಲ್ಲಿ ಕಾಯಿಸಿದರೂ ಅದು ಸಾಯುವುದಿಲ್ಲ. ದೊಡ್ಡವರ ಹೊಟ್ಟೆ ಅದನ್ನು ಅರಗಿಸಿಕೊಳ್ಳುತ್ತದೆ, ವರ್ಷದೊಳಗಿನ ಕೂಸಿನ ಕರುಳಲ್ಲಿ ಅದು ಮೊಳೆತು ವಿಷ ಕಾರುತ್ತದೆ. ನೂರಾರು ಮಕ್ಕಳಿಗೆ ಏನೂ ಆಗದಿರುವುದರಿಂದಲೇ ಜನ ನಂಬುವುದಿಲ್ಲ. ಬೆಲ್ಲದ ಅಪಾಯ ಇಂಥದ್ದಲ್ಲ, ಆದರೆ ಅದೂ ಬೇಡ. ಆರು ತಿಂಗಳ ತನಕ ಹಾಲು ಸಾಕು, ಆಮೇಲೆ ಹಿಸುಕಿದ ಬಾಳೆಹಣ್ಣಿನಲ್ಲಿರುವ ಸಿಹಿಯೇ ಬೇಕಾದಷ್ಟಾಯಿತು. ಮೆಹಬೂಬ್ ಬೀ ಕೇಳಿಸಿಕೊಳ್ಳುತ್ತ ಒಂದೊಂದೇ ಮಗುವಿನ ಮುಖ ನೆನಪಿಸಿಕೊಂಡರು. ಅರವತ್ತು ಸಲ ಏನೂ ಆಗದೆ ಉಳಿದದ್ದು ಈಗ ಅರವತ್ತು ಸಲವೂ ಹೆದರಿಸಿತು.

ಹನ್ನೊಂದು ದಿನ ಯಂತ್ರದಲ್ಲಿದ್ದ ಐಮನ್ ಇಪ್ಪತ್ತೇಳನೆಯ ದಿನ ಮನೆಗೆ ಬಂದಳು. ತೆಳ್ಳಗಾಗಿದ್ದಳು, ಆದರೆ ಕತ್ತು ನಿಲ್ಲುತ್ತಿತ್ತು. ಅಮ್ರೀನ್ ಅತ್ತೆಗೆ ಊಟ ಬಡಿಸುತ್ತಿದ್ದಳು, ಮಾತ್ರೆ ಎತ್ತಿ ಕೊಡುತ್ತಿದ್ದಳು, ಎಲ್ಲ ಮಾಡುತ್ತಿದ್ದಳು. ಮಗುವನ್ನು ಮಾತ್ರ ಅವರ ತೊಡೆಗೆ ಕೊಡಲಿಲ್ಲ. ಮುದಸ್ಸಿರ್ ಮನೆಯಲ್ಲಿದ್ದಾಗಷ್ಟೇ ಸ್ನಾನಕ್ಕೆ ಹೋಗುತ್ತಿದ್ದಳು. ಅವನಿಲ್ಲದ ದಿನ ಮಗುವಿನ ತೊಟ್ಟಿಲನ್ನೇ ಬಚ್ಚಲ ಮುಂದಕ್ಕೆ ಎಳೆದುಕೊಂಡು, ಬಾಗಿಲು ತೆರೆದಿಟ್ಟೇ ನೀರು ಹುಯ್ದುಕೊಳ್ಳುತ್ತಿದ್ದಳು. ಏಕೆಂದು ಕೇಳುವ ಮುಖ ತನಗಿಲ್ಲ ಎಂದು ಮೆಹಬೂಬ್ ಬೀಗೆ ಗೊತ್ತಿತ್ತು.

ಹೀಗಿರುವಾಗ ಒಂದು ದಿನ ಎದುರು ಮನೆಯ ಅಂಜಿನಮ್ಮ ಮಗಳು ಚೈತ್ರಳ ಎಳೆಗೂಸನ್ನು ಎತ್ತಿಕೊಂಡು ಬಂದಳು. ಐಮನ್‌ಗೆ ಏನಾಗಿತ್ತೆಂದು ಗಲ್ಲಿಗೆ ತಿಳಿದಿರಲಿಲ್ಲ. ನ್ಯುಮೋನಿಯಾ ಎಂದು ಮುದಸ್ಸಿರ್ ಹೇಳಿ ತಾಯಿಯ ಮಾನ ಕಾಪಾಡಿದ್ದ.

"ನಿನ್ ಬೆಳ್ಳು ಒಂದ್ಸಲ ಮುಟ್ಸ್‌ಬುಡು ಬೀಯಮ್ಮ," ಎಂದಳು ಅಂಜಿನಮ್ಮ. "ಇದೂ ನಿನ್ನಂಗೇ ಗಟ್ಟಿಗಿತ್ತಿ ಆಗ್ಲಿ."

ಅಮ್ರೀನ್ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು. ಮಗ ಕಟ್ಟಿಕೊಟ್ಟ ಸುಳ್ಳು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಜೇನು ಮುಗಿದಿದೆ ಎಂದರೂ ಸಾಕಿತ್ತು.

"ನ್ಯುಮೋನಿಯಾ ಅಲ್ಲ ಅಂಜಿನಮ್ಮ," ಎಂದರು ಮೆಹಬೂಬ್ ಬೀ. "ನಾನ್ ಕದ್ದು ಜೇನು ನೆಕ್ಸಿ ನನ್ ಮೊಮ್ಮಗಳನ್ನ ಸಾಯಿಸ್ತಿದ್ದೆ. ವರ್ಷ ತುಂಬೋ ತನಕ ಯಾರ್ ಬೆರಳೂ ಬೇಡ. ನಂದಂತೂ ಬೇಡವೇ ಬೇಡ."

ಅಂಜಿನಮ್ಮ ಕೂಸನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಬೇಕೆಂದು ಮಾಡಿದ್ದಲ್ಲ, ಕಾಲು ತಾನಾಗಿ ಸರಿಯಿತು. ಸಂಜೆಯೊಳಗೆ ಗಲ್ಲಿಗೆಲ್ಲ ಗೊತ್ತಾಯಿತು. ನಲ್ಲಿಯ ಹತ್ತಿರ ಮಾತಾಡುತ್ತಿದ್ದವರು ಮೆಹಬೂಬ್ ಬೀಯವರನ್ನು ಕಂಡು ಕೊಡ ಎತ್ತಿಕೊಂಡು ಹೊರಟರು.

ಮರುದಿನ ಬೆಳಿಗ್ಗೆ ಮುದಸ್ಸಿರ್ ಕೆಲಸಕ್ಕೆ ಹೋಗಿದ್ದ. ಅಮ್ರೀನ್ ಟವೆಲ್ ಹೆಗಲಿಗೆ ಹಾಕಿಕೊಂಡು, ಐಮನ್‌ಳನ್ನು ಎತ್ತಿಕೊಂಡು ಬಂದು, ಅತ್ತೆಯ ತೊಡೆಯ ಮೇಲೆ ಮಲಗಿಸಿದಳು. ಬಚ್ಚಲಿಗೆ ಹೋದಳು. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು ಕೇಳಿಸಿತು.

ಮಗು ಮೆಹಬೂಬ್ ಬೀಯವರ ತೋರುಬೆರಳನ್ನು ಹಿಡಿದು ಬಾಯಿಯ ಕಡೆ ಎಳೆದುಕೊಂಡಿತು. ಆ ಹಿಡಿತದಲ್ಲಿ ಬಲವಿತ್ತು. ಅವರು ಬೆಚ್ಚಿ ಬೆರಳು ಕಿತ್ತುಕೊಂಡು ಸೆರಗಿನಲ್ಲಿ ಮುಚ್ಚಿಟ್ಟರು. ಬೆರಳು ಸಿಗದ ಐಮನ್ ಮುಖ ಕೆಂಪಗೆ ಮಾಡಿಕೊಂಡು ಗಲ್ಲಿಗೆಲ್ಲ ಕೇಳುವಂತೆ ಚೀರಿದಳು.

ಒಳಗೆ ನೀರು ನಿಂತಿತು. "ಏನಾಯ್ತು ಅಮ್ಮಿ?"

"ಏನಿಲ್ಲ," ಎಂದರು ಮೆಹಬೂಬ್ ಬೀ. "ಬೆರಳು ಕೊಡ್ಲಿಲ್ಲ ಅಂತ ಅಳ್ತಿದಾಳೆ."

"ಅಳ್ಲಿ ಬಿಡಿ," ಎಂದಳು ಅಮ್ರೀನ್. ಮತ್ತೆ ನೀರು ಬೀಳತೊಡಗಿತು.