ನಗೆಕೂಟದ ಉತ್ತರಾಧಿಕಾರಿ

ಜಯನಗರದ ನಮ್ಮ ಪಾರ್ಕಿನಲ್ಲಿ ಬೆಳಗಿನ ನಗೆಕೂಟವೊಂದಿದೆ. ಒಬ್ಬರು ಮುಂದೆ ನಿಂತು ಕೈ ಮೇಲೆತ್ತಿ "ಹೋ ಹೋ, ಹಾ ಹಾ" ಎಂದು ಶುರು ಮಾಡಬೇಕು, ಉಳಿದವರು ಎದುರಿಗೆ ಸಾಲಾಗಿ ನಿಂತು ನಗಬೇಕು. ಸುಳ್ಳು ನಗು ಸ್ವಲ್ಪ ಹೊತ್ತಿಗೆ ನಿಜವಾಗುತ್ತದೆ ಎಂಬುದು ನಂಬಿಕೆ. ಕೂಟ ಕಟ್ಟಿದ ಹಿರಿಯರು ಹೋದ ವರ್ಷ ತೀರಿಕೊಂಡಾಗ, ಇನ್ನು ಮುಂದೆ ನಿಲ್ಲುವವರು ಯಾರು ಎಂಬ ಪ್ರಶ್ನೆ ಬಂತು. ನನಗೆ ಆಸೆಯಿತ್ತು. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನಾನು ಇಷ್ಟು ಆಸೆಪಟ್ಟ ಹುದ್ದೆ ಬೇರೊಂದಿಲ್ಲ.

ನನ್ನ ನಗು ದೊಡ್ಡದು. ಹುಳಿಮಾವು ಇನ್ನೂ ಹಳ್ಳಿಯಾಗಿದ್ದಾಗ ನಮ್ಮ ಕೇರಿಯಲ್ಲಿ ಅಮ್ಮ ನಕ್ಕರೆ ಕೆರೆಯ ಆಚೆ ದಡಕ್ಕೆ ಕೇಳುತ್ತಿತ್ತು. ಅದೇ ಗಂಟಲು ನನಗೂ ಬಂದಿದೆ. ತಮಗೆ ಕೆಮ್ಮು ಜೋರಾದ ದಿನ ಹಿರಿಯರೇ ನನ್ನನ್ನು ಮುಂದೆ ಕರೆಯುತ್ತಿದ್ದರು.

ಕಲ್ಲುಬೆಂಚಿನ ಹತ್ತಿರ ಸಭೆ ಸೇರಿತು. ನಿವೃತ್ತ ಎಂಜಿನಿಯರೊಬ್ಬರು ಅಧ್ಯಕ್ಷತೆಯನ್ನು ತಾವೇ ವಹಿಸಿಕೊಂಡರು. ಮೀಸಲಾತಿಯಿಂದ ದೇಶ ಹಾಳಾದ ಕಥೆಯನ್ನು ದಿನಾ ವಾಕಿಂಗಿನಲ್ಲಿ ಹೇಳುವವರು ಇವರೇ. ಅಪ್ಪನಿಗೆ ಸರ್ಕಾರ ಹಂಚಿದ ಸೈಟಿನಲ್ಲಿ ಮನೆ, ಮಹಡಿಯಿಂದ ಬಾಡಿಗೆ. ಅವರ ಲೆಕ್ಕದಲ್ಲಿ ಅದೆಲ್ಲ ಸ್ವಂತ ಪರಿಶ್ರಮ.

"ಇಲ್ಲಿ ಜಾತಿ ಗೀತಿ ಏನೂ ಇಲ್ಲ, ಮೆರಿಟ್ ಒಂದೇ," ಎಂದರು. "ಅದಕ್ಕೇ ಹೇಳ್ತೀನಿ, ಹಿರಿಯರ ಮಗನೇ ಬರ್ಲಿ. ಅವ್ರಿಗೆ ನಗು ರಕ್ತದಲ್ಲೇ ಬಂದಿರುತ್ತೆ."

ಮಗ ಆಡಿಟರು. ಅವರು ನಕ್ಕದ್ದನ್ನು ಅವರ ಹೆಂಡತಿಯೂ ನೋಡಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಎಂಜಿನಿಯರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ನೀವು ಚೆನ್ನಾಗಿ ನಗ್ತೀರಿ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮನ್ನ ನಿಲ್ಸಿದ್ರೆ ಜನ ಕೋಟಾ ಅನ್ಕೋತಾರೆ. ನಿಮ್ಗೇ ಅವಮಾನ ಅಲ್ವಾ?" ಬ್ಯಾಂಕಿನ ಕೆಲಸ ನನಗೆ ಮೀಸಲಾತಿಯಲ್ಲಿ ಸಿಕ್ಕಿದ್ದು, ಅದನ್ನು ಎಂದೂ ಮುಚ್ಚಿಟ್ಟವಳಲ್ಲ. ಅವಮಾನದಿಂದ ನನ್ನನ್ನು ಕಾಪಾಡಿದ ಈ ಪುಣ್ಯಾತ್ಮರನ್ನು ಕಂಡು ಮೈಯೆಲ್ಲ ಉರಿಯಿತು.

ಮರುದಿನ ಆಡಿಟರು ಕೈ ಮೇಲೆತ್ತಿ "ಹೋ ಹೋ" ಎಂದರು, ನೋಟಿಸು ಓದಿದ ಹಾಗೆ. ಯಾರಿಗೂ ನಗು ಬರಲಿಲ್ಲ. ವಾರವಿಡೀ ಹೀಗೇ ನಡೆದ ಮೇಲೆ ಎಂಜಿನಿಯರು ಮತ್ತೆ ಬಂದರು. "ನೀವು ಹಿಂದ್ಗಡೆ ಸಾಲಲ್ಲಿ ನಿಂತು ಶುರು ಮಾಡ್ಬಿಡಿ ಮೇಡಂ. ಅವ್ರು ಮುಂದೆ ಬಾಯಿ ತೆಗೀತಾರೆ."

ಒಪ್ಪಿಕೊಂಡೆ. ನಗುವ ಆಸೆ ಅಷ್ಟಿತ್ತು. ತಿಂಗಳುಗಟ್ಟಲೆ ಅವರು ಬಾಯಿ ತೆರೆದರು, ನಾನು ನಕ್ಕೆ. "ಥೇಟ್ ಅಪ್ಪನ ಹಾಗೇ ನಗ್ತಾರೆ," ಎಂದು ಪಾರ್ಕಿನವರೆಲ್ಲ ಅವರನ್ನು ಹೊಗಳಿದರು.

ಒಂದು ಬೆಳಿಗ್ಗೆ ನನಗೆ ಸಾಕಾಯಿತು. ಆಡಿಟರು ಬಾಯಿ ತೆರೆದರು, ನಾನು ಸುಮ್ಮನೆ ನಿಂತೆ. ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ ಅವರು ಬಾಯಿ ಮುಚ್ಚದೆ ಕಾದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು.

"ನಗಿ ಮೇಡಂ," ಎಂದರು ಎಂಜಿನಿಯರು.

"ಯಾವ ಕೋಟಾದಲ್ಲಿ ನಗ್ಲಿ ಸಾರ್?"

ತೆರೆದಿದ್ದ ಆ ಬಾಯಿಂದ ಮೊದಲು ಗೊರಕೆಯಂಥ ಸದ್ದು ಬಂತು, ಆಮೇಲೆ ನಗು. ಆಡಿಟರು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅವರ ಜೀವನದ ಮೊದಲ ನಿಜವಾದ ನಗು ಇರಬೇಕು, ನನ್ನ ಮಾತಿಗೆ ಬಂದದ್ದು. ಅವರನ್ನು ನೋಡಿ ಉಳಿದವರೂ ನಕ್ಕರು.

ಎಂಜಿನಿಯರು ಆ ದೃಶ್ಯವನ್ನು ಕಣ್ತುಂಬ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಡಿದ್ರಾ ಮೇಡಂ? ರಕ್ತದಲ್ಲಿರುತ್ತೆ ಅಂತ ನಾನು ಆವತ್ತೇ ಹೇಳಿರ್ಲಿಲ್ವಾ?" ಎಂದರು.